ಎಂ.ಟಿ. ಚಿತ್ರಕಥೆಗಳಿಗೆ ಒಂದೇ ವಾಕ್ಯ ಸಾಲದು

ಸಂಪಾದಕರಿಗೆ,

ನಮಸ್ಕಾರ. ಮಲಯಾಳದ ಎಂ.ಟಿ. ವಾಸುದೇವನ್ ನಾಯರ್ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದಲ್ಲಿ ‘ನಾಲುಕೆಟ್ಟು’, ‘ಕಾಲಂ’, ‘ರಂಡಾಮೂಳಂ’ ಕಾದಂಬರಿಗಳ ಬಗ್ಗೆ ಬರೆದದ್ದೆಲ್ಲ ಸರಿಯಾಗಿದೆ. 1995ರ ಜ್ಞಾನಪೀಠದ ಉಲ್ಲೇಖವೂ ಇದೆ. ಆದರೆ ಅವರ ಐವತ್ತಕ್ಕೂ ಮಿಕ್ಕ ಚಿತ್ರಕಥೆಗಳ ವಿಚಾರವನ್ನು ಹೊಟ್ಟೆಪಾಡಿನ ಕೆಲಸವೆಂಬ ಧಾಟಿಯಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಲಾಗಿದೆ. ಈ ಧಾಟಿ ಕನ್ನಡದಲ್ಲಿ ಹೊಸದಲ್ಲ. ಕಾದಂಬರಿ ಎಂದರೆ ಸಾಹಿತ್ಯ, ಚಿತ್ರಕಥೆ ಎಂದರೆ ಚಿತ್ರೀಕರಣ ಮುಗಿದ ಮೇಲೆ ರದ್ದಿಗೆ ಹೋಗುವ ಕಾಗದ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಎಂ.ಟಿ. ಅದನ್ನು ಹಾಗೆ ನೋಡಲಿಲ್ಲ. ಮಲಯಾಳದಲ್ಲಿ ಅವರ ಚಿತ್ರಕಥೆಗಳು ಪುಸ್ತಕವಾಗಿ ಅಚ್ಚಾಗಿವೆ. ಸಿನಿಮಾ ನೋಡದವರೂ ಕೊಂಡು ಓದುತ್ತಾರೆ.

ಹುಟ್ಟಿದ್ದು 1933ರಲ್ಲಿ, ಭಾರತಪ್ಪುಳ ನದಿಯ ಸಮೀಪದ ಕೂಡಲ್ಲೂರಿನಲ್ಲಿ. ಈ ನದಿಗೇ ಅಲ್ಲಿಯವರು ನಿಳಾ ಎನ್ನುವುದು. ತಂದೆ ಸಿಲೋನಿನಲ್ಲಿ ದುಡಿಯುತ್ತಿದ್ದರು. ಪಾಲಕ್ಕಾಡಿನ ವಿಕ್ಟೋರಿಯಾ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪದವಿ, ಕೆಲಕಾಲ ಮೇಷ್ಟರ ಕೆಲಸ, ಆಮೇಲೆ ಕೋಳಿಕ್ಕೋಡಿನ ‘ಮಾತೃಭೂಮಿ’ ವಾರಪತ್ರಿಕೆಯಲ್ಲಿ ಉಪಸಂಪಾದಕ ಹುದ್ದೆ. 1968ರಲ್ಲಿ ಅದೇ ವಾರಪತ್ರಿಕೆಗೆ ಸಂಪಾದಕರಾದರು. ಚಿತ್ರಕಥೆಯ ಮಾತಿಗೆ ಬಂದಾಗ ಈ ಪತ್ರಿಕಾ ನೌಕರಿಯನ್ನು ಯಾರೂ ಎತ್ತುವುದಿಲ್ಲ. ಬೇರೆಯವರ ಕಥೆಯಲ್ಲಿ ಎಲ್ಲಿ ಕತ್ತರಿ ಹಾಕಬೇಕು, ಯಾವ ಪ್ಯಾರಾ ತೆಗೆದರೂ ಕಥೆ ನಿಲ್ಲುತ್ತದೆ ಎಂದು ವಾರವಾರವೂ ನೋಡಿದ ಕೈ ಅದು. ಚಿತ್ರಕಥೆಯ ಮುಕ್ಕಾಲು ಪಾಲು ಕೆಲಸ ಇದೇ.

ಮೊದಲ ಚಿತ್ರಕಥೆ 1965ರ ‘ಮುರಪ್ಪೆಣ್ಣ್’. ಅವರದೇ ಕಥೆ, ಎ. ವಿನ್ಸೆಂಟ್ ನಿರ್ದೇಶನ. ಮಲಯಾಳ ಸಿನಿಮಾಗಳಲ್ಲಿ ಬಹುಪಾಲು ಮದ್ರಾಸಿನ ಸ್ಟುಡಿಯೋ ಸೆಟ್ಟುಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಈ ಚಿತ್ರದ ಹೆಚ್ಚಿನ ಭಾಗವನ್ನು ನಿಳೆಯ ದಂಡೆಯಲ್ಲಿ, ಹೊರಾಂಗಣದಲ್ಲೇ ತೆಗೆದರು. ಪಾತ್ರಗಳು ನಾಟಕದ ಮಲಯಾಳ ಬಿಟ್ಟು ವಳ್ಳುವನಾಡಿನ, ಅಂದರೆ ಆ ನದಿಯ ಸೀಮೆಯ, ಮನೆಮಾತು ಆಡಿದವು. ಎರಡೂ ಬರವಣಿಗೆಯ ಹಂತದಲ್ಲೇ ಆಗಿಹೋದ ತೀರ್ಮಾನಗಳು. ದೃಶ್ಯವನ್ನು ಹೊಳೆ ದಾಟುವ ಕಡವಿನಲ್ಲಿ ಬರೆದಿಟ್ಟರೆ ನಿರ್ದೇಶಕ ಅದನ್ನು ಚಾವಡಿಯ ಸೆಟ್ಟಿಗೆ ತರುವುದು ಕಷ್ಟ.

ಚಿತ್ರಕಥೆಯ ಲೆಕ್ಕಾಚಾರ ತಿಳಿಯದೆ ಎಂ.ಟಿ. ಮಾಡಿದ್ದೇನು ಎಂಬುದು ತಿಳಿಯದು, ಅದಕ್ಕಾಗಿ ಸ್ವಲ್ಪ ವಿವರ. 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. 1,000 ಅಡಿಯ ಒಂದು ರೀಲು ಎಂದರೆ ಸುಮಾರು 11 ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. ಇದರ ನಡುವೆ ಇಂಟರ್‌ವಲ್ ಬೇರೆ. ಮುನ್ನೂರು ಪುಟದ ಕಾದಂಬರಿಯನ್ನು ಜೋರಾಗಿ ಓದಿದರೆ ಹತ್ತು ಗಂಟೆಗೆ ಕಮ್ಮಿಯಾಗದು. ಹಾಗಾಗಿ ಕಾದಂಬರಿಯಿಂದ ಚಿತ್ರಕಥೆ ಮಾಡುವುದೆಂದರೆ ಮುಕ್ಕಾಲು ಭಾಗ ತೆಗೆದೊಗೆಯುವುದು, ಸಣ್ಣಕಥೆಯಿಂದ ಮಾಡುವುದೆಂದರೆ ಇರುವುದನ್ನು ಹಿಗ್ಗಿಸುವುದು. ಎಂ.ಟಿ. ‘ಅಸುರವಿತ್ತು’, ‘ಮಂಜು’ ಕಾದಂಬರಿಗಳನ್ನು ಪರದೆಗೆ ತಂದರು, ಆದರೆ ‘ನಾಲುಕೆಟ್ಟು’, ‘ಕಾಲಂ’ ಎರಡನ್ನೂ ಸಿನಿಮಾ ಮಾಡಲಿಲ್ಲ. ಅವರ ಗಟ್ಟಿ ಚಿತ್ರಗಳು ಬಂದದ್ದು ಹೆಚ್ಚಾಗಿ ಹತ್ತು-ಹದಿನೈದು ಪುಟದ ಕಥೆಗಳಿಂದ: ‘ಇರುಟ್ಟಿಂಡೆ ಆತ್ಮಾವ್’, ‘ಓಳವುಂ ತೀರವುಂ’, ‘ನಿರ್ಮಾಲ್ಯಂ’.

ಎಡವುವುದು ಎಲ್ಲಿ? ಕಾದಂಬರಿಕಾರ ‘ಅವಳಿಗೆ ಗಂಡನ ಮೇಲೆ ಸಿಟ್ಟಿತ್ತು, ತೋರಗೊಡಲಿಲ್ಲ’ ಎಂದು ಒಂದು ಸಾಲು ಬರೆದು ಮುಂದೆ ಹೋಗಬಹುದು. ಕ್ಯಾಮೆರಾಕ್ಕೆ ಈ ಸಾಲು ಕಾಣುವುದಿಲ್ಲ. ನಮ್ಮ ಕಡೆ ಹಳೆಯ ಪದ್ಧತಿಯಲ್ಲಿ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಕಾಣುವುದನ್ನು, ಬಲಕ್ಕೆ ಕೇಳುವುದನ್ನು ಬರೆಯುತ್ತಿದ್ದರು. ಮೇಲೆ ‘ಅಡುಗೆಮನೆ, ಬೆಳಿಗ್ಗೆ’ ಎಂದು ಜಾಗ, ಹೊತ್ತು. ಮೇಲಿನ ಸಾಲನ್ನು ಆ ಎಡಭಾಗದಲ್ಲಿ ಹೇಗೆ ತುಂಬುತ್ತೀರಿ? ಕಾಫಿ ಲೋಟವನ್ನು ಅವನ ಕೈಗೆ ಕೊಡದೆ ಕಿಟಕಿಯ ದಂಡೆಯ ಮೇಲಿಟ್ಟು ಹೋಗುತ್ತಾಳೆ ಎಂದು ಬರೆಯಬಹುದು. ಬಲಭಾಗ ಖಾಲಿ. ಅನುಭವವಿಲ್ಲದ ಕಾದಂಬರಿಕಾರ ಆ ಖಾಲಿಯನ್ನು ಸಹಿಸುವುದಿಲ್ಲ. ಅಲ್ಲಿ ಮಾತು ತುಂಬುತ್ತಾನೆ. ಆಗ ನೋಡುವವರು ಆಗಲೇ ಕಂಡದ್ದನ್ನು ಪಾತ್ರ ಬಾಯಿಬಿಟ್ಟು ಹೇಳುತ್ತದೆ. ಕಾಗದ ಓದುವ ದೃಶ್ಯ, ಹಿನ್ನೆಲೆಯ ಧ್ವನಿ, ಫ್ಲ್ಯಾಶ್‌ಬ್ಯಾಕಿನೊಳಗೊಂದು ಫ್ಲ್ಯಾಶ್‌ಬ್ಯಾಕ್ ಎಲ್ಲ ಹುಟ್ಟುವುದು ಈ ಭಯದಿಂದಲೇ. ಇನ್ನೊಂದು ತಪ್ಪು, ಕೂಡುಕುಟುಂಬದ ಹದಿನೆಂಟು ಜನರನ್ನು ಮೊದಲ ಹತ್ತು ನಿಮಿಷದಲ್ಲೇ ಪರಿಚಯಿಸುವುದು. ಪುಸ್ತಕದಲ್ಲಾದರೆ ಪುಟ ಹಿಂದಕ್ಕೆ ತಿರುವಬಹುದು, ಥಿಯೇಟರಿನಲ್ಲಿ ಆ ಸೌಕರ್ಯ ಎಲ್ಲಿದೆ? ಇಬ್ಬರು ಚಿಕ್ಕಮ್ಮಂದಿರನ್ನು ಒಬ್ಬಳನ್ನಾಗಿ ಮಾಡುವ ಎದೆಗಾರಿಕೆ ಬೇಕು. ಹಾಗೆಯೇ ‘ಧಾರಾಕಾರ ಮಳೆ’ ಎಂದು ಎರಡು ಪದ ಬರೆಯುವ ಮುನ್ನ ಆ ಎರಡು ಪದಕ್ಕೆ ನೀರಿನ ಟ್ಯಾಂಕರು, ಪಂಪು, ಜನರೇಟರು, ಒಂದು ರಾತ್ರಿಯ ಬಾಡಿಗೆ ಎಂದು ಗೊತ್ತಿರಬೇಕು.

‘ಇರುಟ್ಟಿಂಡೆ ಆತ್ಮಾವ್’ ಕಥೆ ನಡೆಯುವುದೇ ಮನೆಯವರು ಹುಚ್ಚನೆಂದು ಸರಪಳಿ ಹಾಕಿದ ವೇಲಾಯುಧನ ತಲೆಯೊಳಗೆ. 1967ರಲ್ಲಿ ಪಿ. ಭಾಸ್ಕರನ್ ಅದನ್ನು ಚಿತ್ರ ಮಾಡಿದಾಗ ಪ್ರೇಮ್ ನಜೀರ್ ವೇಲಾಯುಧನಾದರು. ತಲೆಯೊಳಗಿನದನ್ನು ಹೊರಗೆ ತರಲು ಎಂ.ಟಿ. ನೆಚ್ಚಿಕೊಂಡದ್ದು ಆ ಸರಪಳಿಯನ್ನೇ. ತನಗೆ ಹುಚ್ಚು, ಕಟ್ಟಿಹಾಕಿ ಎಂದು ವೇಲಾಯುಧನೇ ಕೇಳಿಕೊಳ್ಳುವ ಹೊತ್ತಿಗೆ ಮೊದಲಿಂದ ಕಿವಿಗೆ ಬಿದ್ದ ಕಬ್ಬಿಣದ ಸದ್ದಿನ ಅರ್ಥವೇ ತಿರುಗಿಬಿಡುತ್ತದೆ. ಅದೇ ಎಂ.ಟಿ. ‘ಮಂಜು’ ಕಾದಂಬರಿಯನ್ನು 1983ರಲ್ಲಿ ತಾವೇ ನಿರ್ದೇಶಿಸಿದಾಗ ಅಷ್ಟು ಹಿಡಿತ ಸಿಗಲಿಲ್ಲವೆಂದೇ ನನ್ನ ಅಭಿಪ್ರಾಯ. ನೈನಿತಾಲಿನಲ್ಲಿ ವರ್ಷಗಟ್ಟಲೆ ಒಬ್ಬನಿಗಾಗಿ ಕಾಯುವ ಟೀಚರ್ ವಿಮಲಾಳ ಕಾಯುವಿಕೆ ಪುಸ್ತಕದಲ್ಲಿ ಭಾಷೆಯ ಲಯವಾಗಿ ಬರುತ್ತದೆ. ಪರದೆಯ ಮೇಲೆ ಸರೋವರ, ದೋಣಿ, ಮಂಜು ಎಲ್ಲ ಇದ್ದರೂ ಆ ಲಯಕ್ಕೆ ಬದಲಿ ಸಿಕ್ಕಿಲ್ಲ. ಬರೆದವನೇ ಮಾಡಿದರೂ ಕೆಲವು ಪುಸ್ತಕ ಬಗ್ಗುವುದಿಲ್ಲ.

‘ನಿರ್ಮಾಲ್ಯಂ’ (1973) ಅವರು ಮೊದಲು ನಿರ್ದೇಶಿಸಿದ ಚಿತ್ರ. ‘ಪಳ್ಳಿವಾಳುಂ ಕಾಲ್ಚಿಲಂಬುಂ’ ಎಂಬ ಅವರದೇ ಕಥೆಯಿಂದ ಬಂದದ್ದು; ಹೆಸರಿನ ಅರ್ಥ ದೇವಿಯ ಖಡ್ಗ ಮತ್ತು ಕಾಲಿನ ಚಿಲಂಬು, ಅಂದರೆ ಕಾಲಂದುಗೆ. ಇದರ ನಾಯಕ ವೆಳಿಚ್ಚಪ್ಪಾಡ್, ಅಂದರೆ ಮೈಮೇಲೆ ದೇವಿ ಬಂದು ನುಡಿಯುವವನು; ನಮ್ಮ ಕರಾವಳಿಯವರಿಗೆ ದರ್ಶನದ ಪಾತ್ರಿ ಎಂದರೆ ತಕ್ಷಣ ಹೊಳೆದೀತು. ಭಕ್ತರು ಬಾರದೆ ನಡೆ ಬರಿದಾದ ಗುಡಿ, ಹಸಿದ ಮನೆ. ಕೆಲಸ ಸಿಗದ ಮಗ ಆ ಖಡ್ಗವನ್ನೇ ಮಾರಲು ಹೊರಡುತ್ತಾನೆ. ಹೊಸದಾಗಿ ಬಂದ ಎಳೆಯ ಅರ್ಚಕ ಮಗಳನ್ನು ಮರುಳುಮಾಡಿ ಹೋಗುತ್ತಾನೆ. ಸಾಲ ಕೊಟ್ಟವನು ಹೆಂಡತಿಯ ಕೋಣೆಯಿಂದ ಹೊರಬರುವುದನ್ನು ಪಾತ್ರಿ ಕಣ್ಣಾರೆ ಕಾಣುತ್ತಾನೆ. ಅಂದೇ ಗುಡಿಯಲ್ಲಿ ಉತ್ಸವ. ದರ್ಶನ ಬಂದು ಹಣೆ ಕಡಿದುಕೊಳ್ಳುತ್ತ, ಹರಿದ ರಕ್ತವನ್ನು ದೇವಿಯ ಮುಖಕ್ಕೆ ಉಗಿದು ಸಾಯುತ್ತಾನೆ. ಖಡ್ಗ, ಚಿಲಂಬು, ಅರಶಿನಪುಡಿ ಇವಿಷ್ಟೇ ಚಿತ್ರದುದ್ದಕ್ಕೂ ಓಡಾಡುವ ವಸ್ತುಗಳು. ಖಡ್ಗ ಮೊದಲು ಪೂಜೆಗೆ, ನಡುವೆ ಮಾರಾಟಕ್ಕೆ, ಕೊನೆಗೆ ಹಣೆಗೆ. ಈ ಮೂರು ಮೆಟ್ಟಿಲು ಇಲ್ಲದಿದ್ದರೆ ಕೊನೆಯ ಉಗುಳು ಬರೀ ಅಬ್ಬರವಾಗುತ್ತಿತ್ತು. ಆ ವರ್ಷದ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಇದಕ್ಕೇ ಬಂತು, ಪಾತ್ರಿಯಾದ ಪಿ.ಜೆ. ಆಂಟನಿ ಅತ್ಯುತ್ತಮ ನಟ. ಮೂರು ವರ್ಷದ ಬಳಿಕ ನಮ್ಮ ಪಿ. ಲಂಕೇಶರು ತಮ್ಮ ‘ಬಿರುಕು’ ಕಾದಂಬರಿಯನ್ನು ‘ಪಲ್ಲವಿ’ಯಾಗಿಸಿ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದದ್ದು ಇಲ್ಲಿ ನೆನಪಾಗದೆ ಇರದು.

ಲೇಖನದಲ್ಲಿ ಚಿತ್ರಕಥೆಯ ನಾಲ್ಕು ರಾಷ್ಟ್ರಪ್ರಶಸ್ತಿಗಳನ್ನು ಎಣಿಸಿ ಬಿಟ್ಟಿದ್ದಾರೆ. ಆ ನಾಲ್ಕು ಯಾವುವೆಂದು ನೋಡಿದರೆ ಮಾತ್ರ ಮನುಷ್ಯನ ಕಸುಬು ಕಾಣುತ್ತದೆ. 1989ರ ‘ಒರು ವಡಕ್ಕನ್ ವೀರಗಾಥಾ’ ಹುಟ್ಟಿದ್ದು ಜನಪದ ಹಾಡಿನಿಂದ. 1991ರ ‘ಕಡವು’ ಬೇರೊಬ್ಬರ, ಎಸ್.ಕೆ. ಪೊಟ್ಟೆಕ್ಕಾಟ್ಟರ ಕಥೆಯಿಂದ. 1992ರ ‘ಸದಯಂ’ ಸ್ವಂತ ಕಥೆಯಿಂದ. 1994ರ ‘ಪರಿಣಯಂ’ ಚರಿತ್ರೆಯಿಂದ. ನಾಲ್ಕೂ ಬೇರೆಬೇರೆ ಗಣಿಗಳು, ಅಗೆಯುವ ಹತಾರಗಳೂ ಬೇರೆ.

ವಡಕ್ಕನ್ ಪಾಟ್ಟುಗಳೆಂದರೆ ಉತ್ತರ ಮಲಬಾರಿನ ವೀರಗೀತೆಗಳು. ಅವುಗಳಲ್ಲಿ ಚಂದು ಎಂದರೆ ದ್ರೋಹಿ. ಅಂಕದ, ಅಂದರೆ ದ್ವಂದ್ವಯುದ್ಧದ, ಹೊತ್ತಿಗೆ ಹಾಡಿನ ವೀರ ಆರೋಮಲ್ ಚೇಗವರ ಕತ್ತಿ ಮುರಿಯಲೆಂದು ಕಮ್ಮಾರನಿಗೆ ಲಂಚ ಕೊಟ್ಟು ಕಬ್ಬಿಣದ ಆಣಿ ತೆಗೆಸಿ ಬಿದಿರಿನ ಆಣಿ ಹಾಕಿಸಿದವನು, ದಣಿದು ಮಲಗಿದ ಆರೋಮಲನಿಗೆ ದೀಪದ ಕಂಬದಿಂದ ತಿವಿದವನು. ಎಂ.ಟಿ. ಇದರಲ್ಲಿ ಒಂದು ಘಟನೆಯನ್ನೂ ತೆಗೆದುಹಾಕಲಿಲ್ಲ. ಕತ್ತಿ ಮುರಿಯುತ್ತದೆ, ಆರೋಮಲ್ ಸಾಯುತ್ತಾನೆ, ಊರು ಚಂದುವನ್ನು ದ್ರೋಹಿ ಎನ್ನುತ್ತದೆ. ಬದಲಾದದ್ದು ಘಟನೆಗಳ ಹಿಂದಿನ ಕೈ ಮತ್ತು ಕಾರಣ. ದೀಪದ ಕಂಬ ಚುಚ್ಚುವುದು ಹೊಡೆದಾಟದ ನಡುವಿನ ಅವಘಡದಲ್ಲಿ. ಹಾಡಿನಲ್ಲಿದ್ದದ್ದು ಊರು ನಂಬಿದ ಕಥೆ, ಚಿತ್ರದಲ್ಲಿರುವುದು ಚಂದು ಹೊತ್ತ ಕಥೆ. ಪುರಾಣವನ್ನು ತಿರುಗಿಸಿ ಬರೆಯುವವರು ಸಾಮಾನ್ಯವಾಗಿ ಘಟನೆಯನ್ನೇ ಮಾರ್ಪಡಿಸಿ ಓದುಗರ ಜಗಳಕ್ಕೆ ಸಿಕ್ಕಿಬೀಳುತ್ತಾರೆ. ಘಟನೆಯನ್ನು ಮುಟ್ಟದೆ ನಡುವಿನ ಮೌನವನ್ನು ತುಂಬುವುದು ಎಂ.ಟಿ. ದಾರಿ. ಅದೇ ದಾರಿಯಲ್ಲಿ 1984ರಲ್ಲಿ ‘ರಂಡಾಮೂಳಂ’ ಬಂದಿತ್ತು. ಸರದಿಯಲ್ಲಿ ಸದಾ ಎರಡನೆಯವನಾದ ಭೀಮನ ಬಾಯಲ್ಲಿ ಮಹಾಭಾರತ. ಭೈರಪ್ಪನವರ ‘ಪರ್ವ’ (1979) ಓದಿದ ಕನ್ನಡಿಗರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ‘ಪರ್ವ’ ಹಲವರ ತಲೆಯೊಳಗೆ ಇಳಿಯುತ್ತದೆ, ‘ರಂಡಾಮೂಳಂ’ ಒಬ್ಬನ ಹೆಗಲಿಂದ ಕದಲುವುದಿಲ್ಲ. ಚಿತ್ರಕಥೆಗಾರನ ಶಿಸ್ತು ಕಾದಂಬರಿಗೆ ಬಂದದ್ದಕ್ಕೆ ಇದಕ್ಕಿಂತ ಒಳ್ಳೆ ಗುರುತು ಬೇಡ.

‘ಪರಿಣಯಂ’ ಬಗ್ಗೆ ಕನ್ನಡದಲ್ಲಿ ಹೆಚ್ಚು ಚರ್ಚೆ ಆಗಬೇಕಿತ್ತು. ನಂಬೂದಿರಿ ಬ್ರಾಹ್ಮಣ ಸಮಾಜದ ಸ್ಮಾರ್ತವಿಚಾರ, ಅಂದರೆ ಹೆಂಗಸಿನ ಶೀಲದ ಮೇಲೆ ಜಾತಿಯವರು ನಡೆಸುತ್ತಿದ್ದ ವಿಚಾರಣೆ, ಅದರ ವಸ್ತು; 1905ರ ಕುರಿಯೇಡತ್ತ್ ತಾತ್ರಿಯ ಪ್ರಕರಣ ಇದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ವಿಚಾರಣೆಗೆ ಕ್ರಮವಿತ್ತು: ಮೊದಲು ದಾಸಿಯ ವಿಚಾರಣೆ, ಬಳಿಕ ಹೆಂಗಸನ್ನು ಅಂಜಾಂಪುರ ಎಂಬ ಪ್ರತ್ಯೇಕ ಮನೆಗೆ ಹಾಕುವುದು, ಆಮೇಲೆ ಬಾಗಿಲ ಮರೆಯಲ್ಲಿ ನಿಲ್ಲಿಸಿ ಸ್ಮಾರ್ತನ ಪ್ರಶ್ನೆಗಳು, ತೀರ್ಪಿನ ಘೋಷಣೆ, ಬದುಕಿರುವಾಗಲೇ ಉತ್ತರಕ್ರಿಯೆ ಮಾಡಿ ಸಂಬಂಧ ಕಡಿಯುವುದು, ಕೊನೆಗೆ ಉಳಿದವರ ಶುದ್ಧಭೋಜನ. ಅಷ್ಟೂ ಹೊತ್ತು ಆಕೆಗೆ ಹೆಸರಿಲ್ಲ, ‘ಸಾಧನಂ’ ಎನ್ನುತ್ತಾರೆ, ಅಂದರೆ ವಸ್ತು. ‘ಘಟಶ್ರಾದ್ಧ’ ನೋಡಿದ ನಮಗೆ ಇದು ಪರಕೀಯವಲ್ಲ. ಎಂ.ಟಿ. ಚಾತುರ್ಯ ಇರುವುದು ಈ ವಿಧಿಯನ್ನೇ ಚಿತ್ರದ ಬೆನ್ನೆಲುಬಾಗಿಸಿದ್ದರಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ವಿಚಾರಣೆ ಇರುವಾಗ ಬೇರೆ ಸಸ್ಪೆನ್ಸ್ ಏಕೆ? ಎಳೆಯ ವಿಧವೆ ಉಣ್ಣಿಮಾಯಳನ್ನು ಬಸುರು ಮಾಡಿದ ಕಥಕಳಿ ನಟ ಅಂಜಿ ಹಿಂಜರಿದು ಕೊನೆಗೆ ಬಂದಾಗ, ಮಗುವಿನ ಅಪ್ಪ ನಳನೋ ಭೀಮನೋ ಅರ್ಜುನನೋ ಇರಬಹುದು ಎಂದು ಆಕೆ ಅವನನ್ನು ನಿರಾಕರಿಸುತ್ತಾಳೆ. ಅವನು ರಂಗದ ಮೇಲೆ ಹಾಕಿದ ವೇಷಗಳವು! ಎರಡು ಗಂಟೆ ಕಾದಿಟ್ಟ ಮಾತು. ಬಲಭಾಗದ ಖಾಲಿಯನ್ನು ಸಹಿಸಿದವನಿಗೆ ಮಾತ್ರ ಇಂಥ ಮಾತು ದಕ್ಕುತ್ತದೆ.

‘ಸದಯಂ’ನಲ್ಲಿ ಕೈದಿ ಗಲ್ಲಿಗೆ ಕಾಯುತ್ತಿದ್ದಾನೆ. ಕೊಲೆ ಮಾಡಿದ್ದು ಅವನೇ ಎಂಬುದರಲ್ಲಿ ಸಂಶಯವಿಲ್ಲ, ಏಕೆ ಎಂಬುದಷ್ಟೇ ಉಳಿದಿದೆ. ‘ಕಡವು’ ಇನ್ನೂ ಸಣ್ಣದು: ದೋಣಿಗಾರನ ಬಳಿ ಸೇರಿದ ಹುಡುಗ, ಒಂದು ಕಾಲ್ಗೆಜ್ಜೆ. 2000ದಲ್ಲಿ ಶ್ರೀರಮಣರ ತೆಲುಗು ಕಥೆ ‘ಮಿಥುನಂ’ ತೆಗೆದುಕೊಂಡು ‘ಒರು ಚೆರು ಪುಂಜಿರಿ’ ಮಾಡಿದರು. ನೆರೆಭಾಷೆಯ ಕಥೆ ಹುಡುಕಿ ತರುವ ಅಭ್ಯಾಸ ಆ ವಯಸ್ಸಿನಲ್ಲೂ ಬಿಡಲಿಲ್ಲ.

ಬರೀ ಹೊಗಳಿಕೆಯಾಗುವುದು ಬೇಡ. ಎಂ.ಟಿ. ಚಿತ್ರಕಥೆಗಳ ಯಶಸ್ಸಿನಿಂದ ವಳ್ಳುವನಾಡಿನ ಮೇಲ್ಜಾತಿ ಮನೆಮಾತೇ ಮಲಯಾಳ ಪರದೆಯ ಶಿಷ್ಟಭಾಷೆಯಾಗಿ ಕೂತಿತು, ಬೇರೆ ಸೀಮೆಯ ಮಾತು ಬಹುಕಾಲ ನಗಿಸಲಷ್ಟೇ ಬಳಕೆಯಾಯಿತು ಎಂಬ ದೂರು ಅಲ್ಲಿದೆ, ಅದರಲ್ಲಿ ಹುರುಳೂ ಇದೆ. ಹುಬ್ಬಳ್ಳಿ, ಮಂಗಳೂರಿನ ಕನ್ನಡವನ್ನು ಹಾಸ್ಯನಟರ ಪಾಲಿಗೆ ಬಿಟ್ಟುಕೊಟ್ಟ ನಾವು ಈ ದೂರನ್ನು ಕೇಳಿ ನಗುವಂತಿಲ್ಲ. ಪಾಳುಬೀಳುವ ತರವಾಡು, ಅಂದರೆ ಕೂಡುಕುಟುಂಬದ ಹಳೆಯ ಮನೆಯ ಮೇಲಿನ ಮೋಹವೂ ಕೆಲವು ಚಿತ್ರಗಳಲ್ಲಿ ಅತಿಯಾಗಿದೆ.

ಇನ್ನು ಕಾಗದಪತ್ರದ ವಿಷಯ, ನಮ್ಮ ಲೇಖಕರು ಕಲಿಯಬೇಕಾದದ್ದು. ‘ರಂಡಾಮೂಳಂ’ ಚಿತ್ರಕಥೆಯನ್ನು ಎಂ.ಟಿ. ತಾವೇ ಬರೆದು 2014ರಲ್ಲಿ ಒಬ್ಬ ನಿರ್ದೇಶಕರೊಡನೆ ಒಪ್ಪಂದ ಮಾಡಿಕೊಂಡರು. ಅದರಲ್ಲಿ ಅವಧಿ ನಮೂದಾಗಿತ್ತು. 2017ರಲ್ಲಿ ಉಡುಪಿ ಮೂಲದ ಉದ್ಯಮಿ ಬಿ.ಆರ್. ಶೆಟ್ಟಿಯವರ ಬಂಡವಾಳದಲ್ಲಿ ಸಾವಿರ ಕೋಟಿ ರೂಪಾಯಿಯ ಚಿತ್ರವೆಂದು ಘೋಷಣೆಯೂ ಆಯಿತು. ಚಿತ್ರೀಕರಣ ಮಾತ್ರ ಶುರುವಾಗಲಿಲ್ಲ. 2018ರ ಅಕ್ಟೋಬರಿನಲ್ಲಿ ಎಂ.ಟಿ. ಕೋಳಿಕ್ಕೋಡಿನ ನ್ಯಾಯಾಲಯಕ್ಕೆ ಹೋದರು, 2020ರಲ್ಲಿ ರಾಜಿಯಾಗಿ ಚಿತ್ರಕಥೆ ಅವರ ಕೈಗೆ ಮರಳಿತು. ಒಪ್ಪಂದದಲ್ಲಿ ಅವಧಿಯ ಆ ಒಂದು ಸಾಲು ಇಲ್ಲದಿದ್ದರೆ ಬಲು ಕಷ್ಟವಾಗುತ್ತಿತ್ತು.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ಕೊಡುವುದು ಬರಹದಲ್ಲಿ, ಸಹಿಯೊಡನೆ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂದು ನಮೂದಿಸಬೇಕು. ಕಾಲ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಹಿಡಿಯಲಾಗುತ್ತದೆ. ಪಡೆದವರು ಒಂದು ವರ್ಷ ಆ ಹಕ್ಕನ್ನು ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಆದರೆ ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ ಮಾತ್ರ. ಸಿಕ್ಕಿಬೀಳುವುದೇ ಈ ‘ಬೇರೆ ರೀತಿ’ಯಲ್ಲಿ: ‘ಶಾಶ್ವತವಾಗಿ, ಸಕಲ ಮಾಧ್ಯಮಗಳಿಗೂ’ ಎಂಬ ಅಚ್ಚಿನ ನಮೂನೆಗೆ ಓದದೆ ಸಹಿ ಹಾಕಿದರೆ ಕಾಯ್ದೆ ಕೊಟ್ಟ ಆಸರೆ ಬಹುಪಾಲು ಹೋದಂತೆ. 2012ರ ತಿದ್ದುಪಡಿಯ ಬಳಿಕ ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಿಗೆ ಸಲ್ಲಬೇಕಾದ ರಾಯಲ್ಟಿಯನ್ನು ಲೇಖಕ ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೂ ತಾರೀಖಿರುವ ಒಂದು ಪ್ರತಿ ಕೈಯಲ್ಲಿರಲಿ.

ಕನ್ನಡದಲ್ಲಿ ಕಾದಂಬರಿ ಆಧಾರಿತ ಚಿತ್ರಗಳಿಗೆ ಬರವಿರಲಿಲ್ಲ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರ ಕಾದಂಬರಿಗಳಿಂದ ಬಂದ ‘ಬೆಳ್ಳಿಮೋಡ’ 1967ರಲ್ಲಿ, ‘ಶರಪಂಜರ’ 1971ರಲ್ಲಿ ತೆರೆಕಂಡವು. ತ.ರಾ.ಸು. ಅವರ ಮೂರು ಕಾದಂಬರಿಗಳು ಸೇರಿ 1972ರಲ್ಲಿ ‘ನಾಗರಹಾವು’ ಆದಾಗ ಅವರು ಅದನ್ನು ಕೇರೆಹಾವು ಎಂದ ಮಾತು ಎಲ್ಲರಿಗೂ ಗೊತ್ತು. ಜನ ಆ ಮಾತನ್ನು ಇಂದಿಗೂ ನೆನೆದು ನಗುತ್ತಾರೆ, ಆದರೆ ಮೂರು ಪುಸ್ತಕವನ್ನು ಒಂದು ಮಾಡಿದ ಬಗೆ ಹೇಗೆಂದು ಓದಿ ನೋಡಲು ಆ ಚಿತ್ರಕಥೆಯ ಪುಸ್ತಕ ಅಂಗಡಿಯಲ್ಲಿ ಸಿಗುವಂತಿದ್ದರೆ ಚರ್ಚೆ ಬೇರೆಯೇ ಆಗುತ್ತಿತ್ತು. ‘ಸ್ವಪ್ನ ಸಾರಸ್ವತ’ ಕಾದಂಬರಿಯ ಗೋಪಾಲಕೃಷ್ಣ ಪೈ ಅವರು ಗಿರೀಶ್ ಕಾಸರವಳ್ಳಿಯವರೊಂದಿಗೆ ‘ಕನಸೆಂಬೋ ಕುದುರೆಯನೇರಿ’ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಪಡೆದಿದ್ದಾರೆ. ಪೈ ಅವರನ್ನು ಪರಿಚಯಿಸುವಾಗ ಎಷ್ಟು ಮಂದಿ ಇದನ್ನು ಹೇಳುತ್ತಾರೆ?

ಎಂ.ಟಿ. 2024ರ ಡಿಸೆಂಬರ್ 25ರಂದು ಕೋಳಿಕ್ಕೋಡಿನಲ್ಲಿ ತೀರಿಕೊಂಡರು. ತಮ್ಮಲ್ಲಿ ಎರಡು ಕೋರಿಕೆಗಳಿವೆ. ಪುರವಣಿಯಲ್ಲಿ ವರ್ಷಕ್ಕೊಂದು ಕನ್ನಡ ಚಿತ್ರಕಥೆಯ ನಾಲ್ಕೈದು ದೃಶ್ಯಗಳನ್ನಾದರೂ, ಮೂಲ ಕಥೆಯ ಅದೇ ಭಾಗದ ಪಕ್ಕದಲ್ಲಿಟ್ಟು ಅಚ್ಚುಹಾಕಿ; ಲೇಖಕರ ಮತ್ತು ನಿರ್ಮಾಪಕರ ಒಪ್ಪಿಗೆ ಪಡೆದರೆ ಒಂದೂವರೆ ಪುಟ ಸಾಕು. ಮತ್ತೆ ಶುಕ್ರವಾರದ ಚಿತ್ರವಿಮರ್ಶೆಯ ಮೇಲಿನ ಚೌಕದಲ್ಲಿ ನಿರ್ಮಾಪಕ, ನಿರ್ದೇಶಕ, ತಾರಾಗಣ, ಸಂಗೀತ ಎಂದಿರುವ ಕಡೆ ‘ಚಿತ್ರಕಥೆ’ ಎಂದು ಒಂದು ಸಾಲು ಸೇರಿಸಿ. ಈಗಿನ ಪೋಸ್ಟರುಗಳಲ್ಲಿ ‘ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ’ ಎಲ್ಲಕ್ಕೂ ಒಂದೇ ಹೆಸರಿರುವುದರಿಂದ ಆ ಸಾಲಿಗೆ ಹೆಚ್ಚು ಜಾಗವೇನೂ ಬೇಕಾಗಲಾರದು.

ಇಂತಿ,
ತಮ್ಮ ಓದುಗ,
ಕಾಸರಗೋಡು